ಬೆಳದಪ್ಪಗ ಅಕ್ಕು ಹೇಳಿ ತೆಗದ ಹಾಯಿ

ಕಳುದ ವಾರ ಆನು ವಾಟ್ಸಾಪಿಲಿ ಒಂದು ಪಟ ಹಾಕಿದ್ದಕ್ಕೆ ಪುತ್ತೂರಿಂದ ದೊಡ್ಡಮ್ಮ ಪೋನು ಮಾಡಿದವು. “ಅದೆಂತ ಕೂಸೆ, ಅಡಕ್ಕೆ ಮುಚ್ಚುವ ಟರ್ಪಾಲು ಹಿಡ್ಕೊಂಡು ನೀರಿನ ಮೇಗೆ ನಿಂದದು? ಆ ಹಲಗೆ ನೀರಿಂಗೆ ಮುಟ್ಟಿದ ಹಾಂಗೇ ಕಾಣ್ತಿಲ್ಲೆನ್ನೆ!” ಹೇಳಿ ಕೇಳಿದವು. ಒಲೆಲಿ ಸಾರು ಕೊದಿವಲೆ ಸುರು ಆಗಿದ್ದ ಕಾರಣ ಅರ್ಧ ಮಾಂತ್ರ ಹೇಳಿಕ್ಕಿ ಪೋನು ಮಡಗಿದೆ. ಒಳುದ ಅರ್ಧವ ಇಲ್ಲಿ ಬರೆತ್ತೆ. ಅತ್ತಿಗೆಕ್ಕೊ, ತಂಗೆಕ್ಕೊ, ನೆರೆಕರೆಯ ಅಕ್ಕಂದ್ರು ಎಲ್ಲೋರುದೆ ರಜ್ಜ ತಾಳ್ಮೆಲಿ ಓದೆಕ್ಕು, ಇದು ಅಡಿಗೆ ಶುದ್ದಿ ಅಲ್ಲ. ಪೂರಾ ಅಲ್ಲ ಹೇಳುಲೂ ಇಲ್ಲೆ, ಮುಂದೆ ಉರುಳಿ, ತಡ್ಪೆ ಎಲ್ಲ ಬಕ್ಕು.

ದೊಡ್ಡಮ್ಮ, ಅದು ಟರ್ಪಾಲು ಅಲ್ಲ, ಹಾಯಿ. ಅದರ ಕೆಳ ಇಪ್ಪದು ಹಲಗೆ. ಹಲಗೆಯ ಅಡಿಲಿ, ನೀರಿನ ಒಳ, ಮುಕ್ಕಾಲು ಮೀಟರಿನ ಹತ್ತರೆ ಉದ್ದದ ಒಂದು ಕಾಲು ಇದ್ದು. ಆ ಕಾಲಿನ ಕೊಡಿಲಿ ಸಣ್ಣ ವಿಮಾನದ ಹಾಂಗೆ ಮುಂದೆ ಒಂದು ದೊಡ್ಡ ರೆಕ್ಕೆ, ಹಿಂದೆ ಒಂದು ಸಣ್ಣ ರೆಕ್ಕೆ. ಇದರ ಫಾಯಿಲು ಹೇಳ್ತವು. ಹಾಯಿ ಎಳದು ರಜ್ಜ ವೇಗ ಬಂದಪ್ಪಗ ನೀರು ಆ ರೆಕ್ಕೆಯ ಮೇಗೆ ನೂಕುತ್ತು, ಹಲಗೆ ನೀರು ಬಿಟ್ಟು ಏಳ್ತು. ಅಷ್ಟು ಹೊತ್ತು ಹಲಗೆಗೆ ಟಪಟಪ ಬಡಿವ ಅಲೆಯ ಶಬ್ದ ಒಂದರಿಯೇ ನಿಲ್ಲುತ್ತು. ತೊಟ್ಟಿಲಿಲಿ ಬಾಬೆ ಒರಗಿದ ಮತ್ತೆ ಮನೆಲಿ ಆವುತ್ತಲ್ಲದೋ ಒಂದು ಮೌನ, ಹಾಂಗೆ. ಪಟ ತೆಗದ್ದು ಆ ಹೊತ್ತಿಂಗೆ.

ಈ ಆಟಕ್ಕೆ ವಿಂಡ್‌ಸರ್ಫ್ ಫಾಯಿಲಿಂಗ್ ಹೇಳಿ ಹೆಸರು. ಹಾಯಿಯ ಅಳತೆ ಚದರ ಮೀಟರಿಲಿ ಹೇಳುದು: 3, 4.2, 5.5, 7, ಹೀಂಗೆ. ಗಾಳಿಯ ವೇಗ ನಾಟಿಲಿ. ಒಂದು ನಾಟ್ ಹೇಳಿರೆ ಗಂಟೆಗೆ 1.85 ಕಿಲೋಮೀಟರು. ಎನ್ನ ಅಭಿಪ್ರಾಯವ ಸುರುವಿಂಗೇ ಹೇಳಿ ಬಿಡ್ತೆ. ಇದರ ಕಲಿವ ಹೆಮ್ಮಕ್ಕೊಗೆ, ಮಕ್ಕೊಗೆ ಮನೆಲಿಪ್ಪ ಗೆಂಡುಮಕ್ಕಳ ಹಾಯಿಯ ಕೊಡ್ಲಾಗ. ‘ದೊಡ್ಡದು ಇದ್ದರೆ ಎಲ್ಲದಕ್ಕೂ ಅಕ್ಕು’ ಹೇಳಿ ತೆಗವಲೂ ಆಗ. ಜೆಂಬ್ರದ ಉರುಳಿಲಿ ಮೂರು ಜೆನಕ್ಕೆ ಪಾಯಸ ಮಾಡಿರೆ ಎಂತ ಆವುತ್ತು ಹೇಳಿ ನಿಂಗೊಗೆ ಆನು ಹೇಳೆಕ್ಕೋ? ಅಡಿ ಹಿಡಿತ್ತು. ಇಲ್ಲಿ ಅಡಿ ಹಿಡಿವದು ಪಾಯಸ ಅಲ್ಲ, ಪಕ್ಕೆ ಎಲುಬು.

ಎಂಗೊ ಇಪ್ಪದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಲಿ. ಬೇಸಗೆಲಿ ಒಳನಾಡಿನ ಕಣಿವೆ ಕಾದು ಅಲ್ಯಾಣ ಬೆಶಿ ಗಾಳಿ ಮೇಗೆ ಹೋವುತ್ತು. ಆ ಜಾಗೆ ತುಂಬುಸುಲೆ ಪೆಸಿಫಿಕ್ ಕಡಲಿನ ತಂಪು ಗಾಳಿ ಗೋಲ್ಡನ್ ಗೇಟಿನ ಸಂದಿಲಿ ನುಗ್ಗಿ ಬತ್ತು. ನಮ್ಮ ಊರಿಲಿ ಮಧ್ಯಾನ್ನ ಮೇಲೆ ಕಡಲ ಹೊಡೆಂದ ಗಾಳಿ ಬಪ್ಪದು ಇದ್ದಲ್ಲದೋ, ಅದೇ ಲೆಕ್ಕ. ಇಲ್ಲಿ ನುಗ್ಗುವ ಸಂದು ಸಣ್ಣ ಆದ ಕಾರಣ ಜೋರು ಹೆಚ್ಚು. ಎಂಗೊ ಶನಿವಾರ ಊಟ ಮುಗುಶಿ ಅಲಮೀಡದ ಕ್ರೌನ್ ಬೀಚಿಂಗೆ ಹೋಪದು. ನೀರು ತುಂಬ ಆಳ ಇಲ್ಲೆ, ಅಲೆ ದೊಡ್ಡ ಇಲ್ಲೆ, ಕಲಿವೋರಿಂಗೆ ಒಳ್ಳೆ ಜಾಗೆ.

ಎಂಗಳ ಯೆಜಮಾನ್ರು ಆರಡಿ ಎತ್ತರ, 83 ಕಿಲೊ. ಆನು 54 ಕಿಲೊ, ಅದುದೆ ಹಬ್ಬದ ಮರದಿನ. ಇವು ಮದಲಿಂದಲೂ ಫಾಯಿಲು ಇಲ್ಲದ್ದ ವಿಂಡ್‌ಸರ್ಫ್ ಮಾಡಿಗೊಂಡು ಇತ್ತಿದ್ದವು, ಮತ್ತೆ ಫಾಯಿಲು ಕಲ್ತವು. ಎನಗೂ ಕಲಿಯೆಕ್ಕು ಹೇಳಿಯಪ್ಪಗ, ಊರು ಬಿಟ್ಟು ಹೋಪ ಒಬ್ಬನ ಕೈಂದ 6.5ರ ಹಾಯಿಯ ಅರ್ಧ ಕ್ರಯಕ್ಕೆ ತಂದವು. “ಈಗ ರಜ್ಜ ದೊಡ್ಡ ಅಕ್ಕು, ಕಲ್ತಪ್ಪಗ ಸರಿ ಅಕ್ಕು. ಎನಗೂ ಆತು, ನಿನಗೂ ಆತು” ಹೇಳಿದವು.

ಆ ಮಾತು ಕೇಳಿಯಪ್ಪಗ ಎನಗೆ ಅಬ್ಬೆಯ ನೆಂಪಾದ್ದು. ಶಾಲೆ ಸುರುವಪ್ಪಗ ತೆಗವ ಲಂಗ ಯಾವಾಗಳೂ ಒಂದು ಗೇಣು ಉದ್ದ. ಅಡಿಲಿ ಎರಡು ಮಡಿಕೆ ಹಾಕಿ ಹೊಲಿಗು, ವರ್ಷಕ್ಕೊಂದು ಮಡಿಕೆ ಬಿಡುಸುಗು. ಬಿಡುಸಿದಲ್ಲಿ ಬಣ್ಣ ಮಾಸದ್ದ ಒಂದು ಗೆರೆ, ಈ ಕೂಸಿನ ಲಂಗ ಮೂರ್ನೇ ವರ್ಷದ್ದು ಹೇಳಿ ಆರು ನೋಡಿರೂ ಗೊಂತಪ್ಪ ಹಾಂಗೆ. ಅಬ್ಬೆಯ ತಪ್ಪು ಹೇಳ್ತಿಲ್ಲೆ, ಪೈಸೆ ಇದ್ದದೇ ಅಷ್ಟು. ಆದರೆ ಲಂಗಕ್ಕೆ ಮಡಿಕೆ ಹಾಕಲೆ ಆವುತ್ತು, ಹಾಯಿಗೆ ಆವುತ್ತಿಲ್ಲೆ. ಬಳ್ಳಿ ಎಳದು ಕಟ್ಟಿರೆ ಅದರ ಹೊಟ್ಟೆ ರಜ್ಜ ಚಪ್ಪಟೆ ಅಕ್ಕು, ಅಷ್ಟೆ. 6.5 ಹೇಳಿರೆ 6.5ವೇ.

ಸುರುವಾಣ ದಿನವೇ ಅದು ಗೊಂತಾತು. ಬಿದ್ದಪ್ಪಗ ಹಾಯಿ ನೀರಿನ ಮೇಗೆ ಮನುಗುತ್ತು. ಹಲಗೆಯ ಮೇಗೆ ನಿಂದು ಬಳ್ಳಿ ಹಿಡುದು ಅದರ ನೆಗ್ಗೆಕ್ಕು. ಅದರ ಮೇಗೆ ಕೂದ ನೀರು ಇಳುದು ಹೋಪನ್ನಾರ, ಚೆಂಡಿ ಹಾಸಿಗೆಯ ಬಾವಿಂದ ಎಳದ ಹಾಂಗೆ ಆವುತ್ತು. ನಾಕು ಸರ್ತಿ ನೆಗ್ಗಿಯಪ್ಪಗ ಸೊಂಟ ಬಚ್ಚಿತ್ತು. ಐದ್ನೇ ಸರ್ತಿ ಹಾಯಿ ನಿಂದತ್ತು, ಗಾಳಿ ಒಂದರಿ ಜೋರು ಬಂತು, ಹಲಗೆ ನೀರು ಬಿಟ್ಟು ಎದ್ದತ್ತು. ‘ಎದ್ದೆ!’ ಹೇಳಿ ಕುಶಿ ಪಡುವ ಮದಲೇ ಹಾಯಿ ಎನ್ನ ನೆಗ್ಗಿ ಮುಂದಂಗೆ ಇಡ್ಕಿತ್ತು. ಕೈಲಿ ಹಿಡ್ಕೊಂಬ ಅಡ್ಡ ಕೋಲಿಂಗೆ ಬೂಮು ಹೇಳ್ತವು, ಅದಕ್ಕೆ ಪಕ್ಕೆ ಬಡುದತ್ತು. ತಲೆಲಿ ಹೆಲ್ಮೆಟ್ಟು, ಮೈಲಿ ದಪ್ಪದ ಜಾಕೆಟು ಇದ್ದ ಕಾರಣ ಅಷ್ಟರಲ್ಲಿ ಮುಗುದತ್ತು. ಅಡಿಯಾಣ ರೆಕ್ಕೆಯ ಅಂಚು ಮೆಟ್ಟುಕತ್ತಿಯ ಹಾಂಗೆ ಇಪ್ಪದು, ಅವೆರಡು ಇಲ್ಲದ್ದೆ ಆರುದೆ ನೀರಿಂಗಿಳಿವಲಾಗ. ಮತ್ತೆ ಮೂರು ವಾರ ಎನಗೆ ಕಾಯಿ ಕೆರವಲೆ ಎಡಿಗಾಯಿದಿಲ್ಲೆ, ತುಂಡು ಮಾಡಿ ಮಿಕ್ಸಿಗೆ ಹಾಕಿದ್ದು.

ಎನಗೆ ಬೇಜಾರು ಆದ್ದು ಪೆಟ್ಟಿಂದ ಅಲ್ಲ. ಮತ್ತೆ ಎಂತ ಆತು ಹೇಳಿ ಕೇಳಿ. ಆನೇ ಹೇಳಿದೆ, “ಎನಗೆ ತ್ರಾಣ ಇಲ್ಲೆ. ಪ್ರಾಯ 44 ಆತು. ಇದೆಲ್ಲ ನಿಂಗೊಗೇ ಸರಿ.” ಅದರ ಕೇಳಿ ಒಬ್ಬಂಗಾದರೂ ‘ಅಲ್ಲ’ ಹೇಳಿ ಕಂಡಿದಿಲ್ಲೆ. ಇವು “ಸಾರ ಇಲ್ಲೆ, ನೀನು ಕರೆಲಿ ಕೂರು, ಪಟ ತೆಗೆ” ಹೇಳಿದವು. ಅತ್ತೆ ಪೋನಿಲಿ “ನಿನಗೆಂತಕೆ ಅದೆಲ್ಲ, ಎಲುಬು ಮುರುದರೆ ಆರು ನೋಡುದು?” ಹೇಳಿದವು. ಆರೂ ಕೆಟ್ಟ ಮನಸ್ಸಿಲಿ ಹೇಳಿದ್ದಲ್ಲ. ಆದರೆ ಒಂದು ಬೇಸಗೆ ಇಡೀ ಆನು ಕರೆಲಿ ಕೂದೊಂಡು ಬಂದೋರಿಂಗೆಲ್ಲ ಫ್ಲಾಸ್ಕಿಂದ ಚಾ ಎರದು ಕೊಟ್ಟದು.

ಮರುವರ್ಷ ಜೂನಿಲಿ ಅಲ್ಲಿ ಒಂದು ಅಜ್ಜಿಯ ಕಂಡೆ. ಎಪ್ಪತ್ತರ ಹತ್ತರೆ ಪ್ರಾಯ ಇಕ್ಕು, ಎನ್ನಂದಲೂ ಸಪೂರ. ಮಕ್ಕಳದ್ದೋ ಹೇಳಿ ಕಾಂಬಂತ ಒಂದು ಹಾಯಿಯ ಕಟ್ಟಿಗೊಂಡು ನೀರಿಂಗಿಳುದವು. ಬೀಸಣಿಗೆ ಬೀಸಿದ ಹಾಂಗೆ ಎರಡು ಸರ್ತಿ ಹಾಯಿಯ ಬೀಸಿದವು, ಎದ್ದವು, ಹೋಗಿಯೇ ಬಿಟ್ಟವು. ಅಂದು ಗಾಳಿ 14 ನಾಟ್. ಅವು ತಿರುಗಿ ಬಪ್ಪನ್ನಾರ ಆನು ಕಾದು ಕೂದೆ. ಮಾತಾಡುಸಿಯಪ್ಪಗ ಅವು ಎನ್ನ ಹತ್ತರೆ ಮೂರು ಪ್ರಶ್ನೆ ಕೇಳಿದವು. ನಿನ್ನ ಭಾರ ಎಷ್ಟು? ನಿನ್ನ ಮುಂದಾಣ ರೆಕ್ಕೆ ಎಷ್ಟು ದೊಡ್ಡ? ಈಗ ನೀರಿನ ಮೇಗೆ ಗಾಳಿ ಎಷ್ಟಿದ್ದು? ಎನ್ನ ಗೆಂಡನ ಹಾಯಿ ಎಷ್ಟು ಹೇಳಿ ಅವು ಕೇಳಿದ್ದವೇ ಇಲ್ಲೆ.

ಅವರ ಹಾಯಿ 4.2. ಅದರ ಎನ್ನ ಹಲಗೆಗೆ ಸಿಕ್ಕುಸಿ ಕೊಟ್ಟವು. ನೆಗ್ಗಿಯಪ್ಪಗ ಚೆಂಡಿ ಬೆಡ್‌ಶೀಟಿನಷ್ಟು ಭಾರ, ಅಷ್ಟೆ. ಎರಡು ಸರ್ತಿ ಬಿದ್ದೆ. ಮೂರ್ನೇ ಸರ್ತಿ ಎದ್ದೆ. ಎಷ್ಟು ದೂರ ಹೋದೆ ಹೇಳಿ ಕೇಳಿರೆ, ನಮ್ಮ ತರವಾಡು ಮನೆ ಜಾಲಿಂದ ಹಟ್ಟಿಗೆ ಹೋಪಷ್ಟು. ನಿಂಗೊ ನಂಬುತ್ತಿರೋ ಇಲ್ಲೆಯೋ, ಸುರುವಿಂಗೆ ಬಂದದು ಕುಶಿ ಅಲ್ಲ, ಪಿಸುರು. ಒಂದು ವರ್ಷ ಎನ್ನ ತ್ರಾಣದ ಮೇಗೆ, ಪ್ರಾಯದ ಮೇಗೆ ಹೊರುಸಿದ ತಪ್ಪು ಎರಡು ಚಿಲ್ಲರೆ ಚದರ ಮೀಟರು ಬಟ್ಟೆಯದ್ದು ಅಲ್ಲದೋ!

ಇನ್ನು ಎಂತಕೆ ಹೀಂಗೆ ಹೇಳಿ ಬಿಡುಸಿ ಹೇಳ್ತೆ. ಎನಗೆ ಇದರ ಅರ್ಥ ಮಾಡಿಗೊಂಬಲೆ ಸುಮಾರು ದಿನ ಬೇಕಾತು, ಮಗಳ ಶಾಲೆ ಪುಸ್ತಕವನ್ನೂ ಬಿಡುಸಿ ನೋಡಿದ್ದೆ.

ಫಾಯಿಲು ಇಲ್ಲದ್ದ ಹಲಗೆ ನೀರಿನ ಮೇಗೆ ಉದ್ದಿಗೊಂಡೇ ಹೋಪದು. ಅದು ಜಾರುವಷ್ಟು ವೇಗ ಬರೆಕ್ಕಾರೆ ದೊಡ್ಡ ಹಾಯಿ ಬೇಕು, ವೇಗ ಬಂದ ಮತ್ತುದೆ ಆ ಉಜ್ಜಾಟಕ್ಕೆ ಬಲ ಕೊಟ್ಟುಗೊಂಡೇ ಇರೆಕ್ಕು. ಫಾಯಿಲು ಹಾಂಗಲ್ಲ. ನೀರು ಗಾಳಿಂದ ಸುಮಾರು 800 ಪಾಲು ಸಾಂದ್ರ ಇಪ್ಪ ಕಾರಣ ಸಣ್ಣ ರೆಕ್ಕೆಯೇ ಒಂದು ಜೆನವ ನೆಗ್ಗುಗು. ಎನ್ನ ಮುಂದಾಣ ರೆಕ್ಕೆ 1400 ಚದರ ಸೆಂಟಿಮೀಟರು. ನಾವು ಊಟಕ್ಕೆ ಕೂಪ ಮಣೆಯಷ್ಟು ಜಾಗೆ, ಅಷ್ಟೆ. ಹಲಗೆ ಎದ್ದ ಮೇಲೆ ಉದ್ದುಲೆ ಆ ಸಪೂರ ಕಾಲು, ರೆಕ್ಕೆ ಬಿಟ್ಟರೆ ಬೇರೆಂತೂ ಇಲ್ಲೆ. ಹಾಂಗಾಗಿ ಹಾಯಿಯ ದೊಡ್ಡ ಕೆಲಸ ನಿನ್ನ ಮೇಗೆ ಏಳುಸುವನ್ನಾರ ಮಾಂತ್ರ. ಅದೇ ಗಾಳಿಗೆ, ಅದೇ ಜೆನಕ್ಕೆ, ಫಾಯಿಲು ಇಲ್ಲದ್ದಲ್ಲಿ ಬೇಕಪ್ಪದಕ್ಕಿಂತ ಒಂದೋ ಎರಡೋ ಚದರ ಮೀಟರು ಸಣ್ಣ ಹಾಯಿ ಸಾಕು.

ಎದ್ದ ಮೇಲೆ ಇನ್ನೊಂದು ಕೆಣಿ ಇದ್ದು. ಗಾಳಿಯೇ ಇಲ್ಲದ್ದ ದಿನ ಸ್ಕೂಟರಿಲಿ ಹೋಪಗ ಸೆರಗು ಹಾರುತ್ತಲ್ಲದೋ? ಆ ಗಾಳಿ ನಮ್ಮ ವೇಗಂದಲೇ ಬಂದದು. ಫಾಯಿಲಿಲಿ ವೇಗ ಹೆಚ್ಚಾದ ಹಾಂಗೆ ಹಾಯಿಗೆ ಮುಂದಂದ ಬಪ್ಪ ಗಾಳಿಯೂ ಹೆಚ್ಚಾವುತ್ತು. ಕರೆಲಿ ನಿಂದಪ್ಪಗ ‘ಈ ಹಾಯಿ ಸಾಕಾಗ’ ಹೇಳಿ ಕಂಡದು ನೀರಿನ ಮೇಗೆ ಎದ್ದಪ್ಪಗ ಬೇಕಾದಷ್ಟು ಆವುತ್ತು. ಕರೆಲಿ ‘ಸರಿ ಇದ್ದು’ ಹೇಳಿ ಕಂಡ ಹಾಯಿ, ಎದ್ದ ಮತ್ತೆ ಹಗ್ಗ ಹರುದ ಕಂಜಿಯ ಹಾಂಗೆ ಎಳವಲೆ ಸುರು ಮಾಡ್ತು.

ಗಾಳಿಯ ಲೆಕ್ಕವೇ ನವಗೆ ಮೋಸ ಮಾಡ್ತದು. 12 ನಾಟ್ ಇದ್ದ ಗಾಳಿ 17 ಆದರೆ ‘ಐದು ಹೆಚ್ಚಾತು’ ಹೇಳಿ ನಾವು ಗ್ರೇಶುತ್ತು. ಹಾಯಿಯ ಮೇಗೆ ಬೀಳುವ ಬಲ ವೇಗದ ವರ್ಗದ ಲೆಕ್ಕಲ್ಲಿ ಏರುದು. 12ರ 12ಲಿ ಗುಣಿಸಿರೆ 144, 17ರ 17ಲಿ ಗುಣಿಸಿರೆ 289. ಹೇಳಿರೆ ಬಲ ಎರಡು ಪಾಲು. ಎರಡು ಗಂಟೆಗೆ ಕಟ್ಟಿದ ಹಾಯಿ ನಾಕು ಗಂಟೆಗೆ ನಿನ್ನ ಕೈಲಿ ಎರಡು ಹಾಯಿ ಆಗಿರ್ತು. ದೊಡ್ಡ ಮೈಯ ಗೆಂಡುಮಕ್ಕೊ ಹಿಂದಂಗೆ ಬಾಗಿ ಅದರ ತಡಕ್ಕೊಂಗು. ನಾವು ಬಾಗಿರೆ ಬಾಗುಲೆ ಇಪ್ಪದೇ 54 ಕಿಲೊ. ಆದ ಕಾರಣ ಭಾರ ನೋಡದ್ದೆ ಹಾಯಿಯ ಅಳತೆ ಹೇಳುದು, ಎಷ್ಟು ಜೆನ ಹೇಳಿ ಕೇಳದ್ದೆ ಅಕ್ಕಿ ಹಾಕಿದ ಹಾಂಗೆ.

ಎನ್ನ ಲೆಕ್ಕ ಬೇಕಾರೆ ಹೇಳ್ತೆ. ಆರಾರಿಂಗೆ ಅಕ್ಕು ಹೇಳಿ ಅಲ್ಲ, ಎನ್ನ ಭಾರಕ್ಕೆ, ಎನ್ನ ರೆಕ್ಕೆಗೆ. ಇವು 6.5 ಕಟ್ಟುವ ಗಾಳಿಗೆ ಎನಗೆ 4.7. ಬರೀ ಭಾರದ ಪಾಲು ಹಾಕಿರೆ 4.2 ಬಕ್ಕು, ಆದರೆ ಹಲಗೆ, ಕಾಲು, ರೆಕ್ಕೆಯ ಭಾರ ಇಬ್ರಿಂಗೂ ಹೆಚ್ಚು ಕಮ್ಮಿ ಒಂದೇ, ಹಾಂಗಾಗಿ ರಜ್ಜ ಮೇಗೆ. ಗಾಳಿ 15 ದಾಂಟಿರೆ 3.7. ಎರಡೇ ಹಾಯಿಲಿ ಎನ್ನ ಬೇಸಗೆ ಕಳಿತ್ತು. ಮದಲಾಣ ಹಾಂಗೆ ಗಾಳಿಗೊಂದು ಹಾಯಿ ಹೇಳಿ ಐದಾರು ಮಡಿಕ್ಕೊಂಬದು ಫಾಯಿಲಿಂಗೆ ಬೇಕಾವುತ್ತಿಲ್ಲೆ, ಒಂದೇ ಹಾಯಿ ಸುಮಾರು ನಮೂನೆ ಗಾಳಿಗೆ ತಡೆತ್ತು. ರೆಕ್ಕೆ ದೊಡ್ಡ ಇದ್ದರೆ ಮೆಲ್ಲಂಗೆ ಹೋಪಗಳೇ ಏಳ್ತು, ಹಾಯಿ ಇನ್ನೂ ಸಣ್ಣ ಸಾಕು. ಹಾಂಗೆ ಹೇಳಿ ಜೋರು ಗಾಳಿಗೆ ದೊಡ್ಡ ರೆಕ್ಕೆ ಹಾಕಿರೆ ಅದು ನೀರಿಂದ ಹೆರವೇ ಬಂದು ಬಿಡ್ತು, ಮತ್ತೆ ನಾವು ಧಡಾಲನೆ ಕೆಳ. ಹಾಯಿಯನ್ನೂ ರೆಕ್ಕೆಯನ್ನೂ ಒಟ್ಟಿಂಗೇ ನೋಡೆಕ್ಕು, ಕಡವ ಕಲ್ಲೂ ಗುಂಡುಕಲ್ಲೂ ನೋಡಿದ ಹಾಂಗೆ.

ಗಾಳಿ ನೋಡ್ಲೆ ಪೋನಿಲಿ ಆಪು ಇದ್ದು, ಇವು ಅದನ್ನೇ ನಂಬುದು. ಆನು ನೀರು ನೋಡುದು. ಅಲ್ಲಲ್ಲಿ ಬೆಳಿ ನೊರೆ ಒಂದೊಂದು ಕಾಂಬಲೆ ಸುರು ಆದರೆ ಹತ್ತರ ಹತ್ತರೆ ಇದ್ದು. ನೋಡಿದಲ್ಲೆಲ್ಲ ನೊರೆ ಇದ್ದರೆ 15. ಆ ಮೇಲೆ ಎನ್ನಷ್ಟೇ ಭಾರದ ಆರಾದರೂ ನೀರಿಲಿ ಇದ್ದರೆ ಅವು ಎಂತ ಕಟ್ಟಿದ್ದವು ಹೇಳಿ ಕೇಳ್ತೆ. ಸೀರೆ ಅಂಗಡಿಲಿ ಅಪರಿಚಿತರ ಹತ್ತರೆ ಮಾತಾಡ್ಲೆ ನವಗೆ ಆರುದೆ ಕಲಿಶೆಡ ಅಲ್ಲದೋ.

ಇವರ ವಾದ ಒಂದಿದ್ದು, ಅದನ್ನೂ ಹೇಳದ್ದರೆ ತಪ್ಪಕ್ಕು. “2024ರ ಪ್ಯಾರಿಸ್ ಒಲಿಂಪಿಕ್ಸಿಲಿ ಫಾಯಿಲು ಓಡುಸಿದ ಹೆಮ್ಮಕ್ಕಳ ಹಾಯಿ 7.3. ಅವಕ್ಕೆ ಆವುತ್ತಾರೆ ನಿನಗೆ 6.5 ಎಂತಕೆ ಆಗ?” ಹೇಳಿ ಕೇಳ್ತವು. ಅಪ್ಪು, ಆ ಅಳತೆ ಸರಿಯೇ. ಹೆಮ್ಮಕ್ಕೊಗೆ 7.3, ಗೆಂಡುಮಕ್ಕೊಗೆ 8. ಆದರೆ ಐಕ್ಯೂಫಾಯಿಲ್ ಹೇಳ್ತ ಆ ಪಂದ್ಯಲ್ಲಿ ಎಲ್ಲೋರ ಸಾಮಾನೂ ಒಂದೇ ನಮೂನೆ, ಗಾಳಿ ರಜ್ಜ ಇರಲಿ, ಜೋರಿರಲಿ, ಹಾಯಿಯ ಅಳತೆ ಬದಲುಸುಲೆ ಇಲ್ಲೆ. ಅದು ನಿಯಮ, ಆಯ್ಕೆ ಅಲ್ಲ. ಅವರ ಮುಂದಾಣ ರೆಕ್ಕೆ 900 ಚದರ ಸೆಂಟಿಮೀಟರು. ಅಷ್ಟು ಸಣ್ಣ ರೆಕ್ಕೆ ಏಳೆಕ್ಕಾರೆ ವೇಗ ಹೆಚ್ಚು ಬೇಕು. ಮಾರ್ಸೇಲಿಲಿ ಚಿನ್ನ ಗೆದ್ದ ಇಟಲಿಯ ಮಾರ್ತಾ ಮಜ್ಜೆತ್ತಿ ವರ್ಷಗಟ್ಟಲೆ ಆ ಅಳತೆಗೇ ಮೈ ಪಳಗುಸಿದ ಕೂಸು. ಆನು ವಾರಕ್ಕೊಂದರಿ ಕುಕ್ಕರು ಇಳುಗಿಕ್ಕಿ ಹೋಪೋಳು.

ಇನ್ನೊಂದು ಸಂಗತಿ ಎನಗೆ ಮತ್ತೆ ಸಿಕ್ಕಿತ್ತು. ಫಾಯಿಲು ಬಪ್ಪ ಮದಲು, 2008ರಿಂದ ಟೋಕಿಯೊವರೆಗೆ, ಒಲಿಂಪಿಕ್ಸಿಲಿ ಇದ್ದದು ಆರ್‌ಎಸ್‌ಎಕ್ಸ್ ಹೇಳ್ತ ಹಲಗೆ. ಅದರಲ್ಲಿ ಹೆಮ್ಮಕ್ಕಳ ಹಾಯಿ 8.5, ಗೆಂಡುಮಕ್ಕಳದ್ದು 9.5. ನಮ್ಮ ದೇಶದ ಇಬಾದ್ ಅಲಿ 2023ರಲ್ಲಿ ಹಾಂಗ್‌ಝೌಲಿ ನಡದ ಏಷ್ಯನ್ ಗೇಮ್ಸಿಲಿ ಕಂಚು ತಂದದು ಆ ಹಲಗೆಲಿಯೇ. ಹೇಳಿರೆ ಫಾಯಿಲು ಬಂದಪ್ಪಗ ಒಲಿಂಪಿಕ್ಸಿನವುದೆ ಹಾಯಿಯ ಸಣ್ಣ ಮಾಡಿದ್ದವು! ಅದರ ಇವಕ್ಕೆ ಹೇಳಿಯಪ್ಪಗ ಮಾತಾಡಿದ್ದವಿಲ್ಲೆ. ಮಜ್ಜಿಗೆ ಬೇಕೋ ಹೇಳಿ ಎನ್ನತ್ರೆ ಕೇಳಿದವು, ಮನೆಲಿ ಬಳುಸುದು ಆನು ಆದರೂದೆ.

ಸಣ್ಣದೇ ಯಾವಾಗಳೂ ಸರಿ ಹೇಳಿ ಆನು ಹೇಳ್ತಿಲ್ಲೆ. ಒಂದು ದಿನ ಎನ್ನ ಹಠಲ್ಲಿ ಹತ್ತು ನಾಟಿಂಗೆ 3.7 ಕಟ್ಟಿದೆ. ಒಂದು ಗಂಟೆ ಹಾಯಿ ಬೀಸಿದ್ದೇ ಬಂತು, ಹಲಗೆ ಎಮ್ಮೆಯ ಹಾಂಗೆ ನೀರಿಲಿ ಮನುಗಿತ್ತಿದ್ದು, ಏಳ. ಗಾಳಿ ಎನ್ನ ಮೆಲ್ಲಂಗೆ ಆಚ ಹೊಡೆಂಗೆ ಕೊಂಡೋತು. ಅಷ್ಟಪ್ಪಗ ಇಳಿತದ ಹೊತ್ತು ಬೇರೆ. ಆ ಬೀಚಿಲಿ ನೀರು ಇಳುದರೆ ಕೆಸರೇ, ಎನ್ನ ಫಾಯಿಲಿನ ಕಾಲು 75 ಸೆಂಟಿಮೀಟರು. ನೀರು ಇಳುದಪ್ಪಗ ಅದು ಕೆಸರಿಲಿ ಹುಗುದತ್ತು. ಹಲಗೆಯ ಓರೆ ಮಾಡಿ, ಹಾಯಿಯ ತಲೆ ಮೇಗೆ ಹಿಡ್ಕೊಂಡು, ಅರ್ಧ ಮೈಲು ಕೆಸರಿಲಿ ನೆಡಕ್ಕೊಂಡು ಬಂದೆ. ಕರೆಲಿ ಇವು ಪಟ ತೆಗಕ್ಕೊಂಡು ನಿಂದಿತ್ತಿದ್ದವು. ಆ ಪಟವ ಆನು ವಾಟ್ಸಾಪಿಲಿ ಹಾಕಿದ್ದಿಲ್ಲೆ. ಆದರೆ ಒಂದು ವ್ಯತ್ಯಾಸ ನೋಡಿ: ಸಣ್ಣ ಹಾಯಿಯ ತಪ್ಪಿಂಗೆ ಬಿದ್ದದು ಕೆಸರು, ಮೀಯಲೆ ಒಂದು ಬಾಲ್ದಿ ಬೆಶಿನೀರು. ದೊಡ್ಡ ಹಾಯಿಯ ತಪ್ಪಿಂಗೆ ಮೂರು ವಾರದ ಬೇನೆ, ಒಂದು ವರ್ಷದ ಬೇಜಾರು. ಎರಡರ ಮಧ್ಯೆ ಸಂಶಯ ಬಂದ ದಿನ ಆನು ಸಣ್ಣದರ ಕಟ್ಟುದು ಅದಕ್ಕೇ.

ಇನ್ನು ಈ ಲೇಖನ ಬರವಲೆ ಕಾರಣ ಆದ ಶುದ್ದಿ. ಎಂಗಳ ಮಗಳಿಂಗೆ 12 ವರ್ಷ, 38 ಕಿಲೊ. ಈ ಬೇಸಗೆಲಿ ಅದುದೆ ಕಲಿತ್ತೆ ಹೇಳಿತ್ತು. ಆನು ಕುಶಿಲಿ ಎನ್ನ 4.7ರ ಕಟ್ಟಿ ಕೊಟ್ಟೆ. ಅಪ್ಪು, ಕೊಟ್ಟದು ಆನೇ. ಇವಲ್ಲ. ಎನಗೆ ಹಗುರ ಆವುತ್ತು ಹೇಳಿ ಅದಕ್ಕೂ ಹಗುರ ಅಕ್ಕು ಗ್ರೇಶಿದೆ. ಕೂಸು ಆರು ಸರ್ತಿ ನೆಗ್ಗಿತ್ತು, ಆರು ಸರ್ತಿಯೂ ಹಾಯಿ ಅದರ ನೀರಿಂಗೆ ಎಳದತ್ತು. ಕರೆಗೆ ಬಂದು, ತಲೆಕೂದಲಿಂದ ನೀರು ಇಳಿಶಿಗೊಂಡು, “ಅಮ್ಮಾ, ಎನಗೆ ಎಡಿತ್ತಿಲ್ಲೆ. ಎನ್ನ ಕೈಲಿ ತ್ರಾಣ ಇಲ್ಲೆ” ಹೇಳಿತ್ತು. ಆನು ಹೇಳಿದ ಅದೇ ಮಾತು, ಹೆಚ್ಚು ಕಮ್ಮಿ ಅದೇ ಜಾಗೆಲಿ. ಎನ್ನ ಕೈಲಿದ್ದ ಚಾ ಗ್ಲಾಸು ಒಂದರಿ ನಡುಗಿತ್ತು.

ಅಂದು ಹೊತ್ತೋಪಗ ಅಡಿಗೆಮನೆಲಿ ಎಂಗೊಗೆ ಮಾತಿಂಗೆ ಮಾತು ಬೆಳದತ್ತು. ಮಕ್ಕಳ ಹಾಯಿ, 3ರದ್ದು, ಅಳತೆಗೆ ಸರಿಯಾದ ಸಣ್ಣ ಕಂಬ, ಸಣ್ಣ ಬೂಮು ತೆಗವ° ಹೇಳಿದೆ. ಇವು “ಎರಡು ವರ್ಷಲ್ಲಿ ಬೆಳೆತ್ತು, ಪೈಸೆ ದಂಡ. 4.7ರಲ್ಲೇ ರಜ್ಜ ಬಂಙ ಬಂದು ಕಲಿಯಲಿ” ಹೇಳಿದವು. ಎನಗೆ ಅಜ್ಜಿ ನೆಂಪಾತು. ಅಜ್ಜಿ ಜೆಗಿಲಿಲಿ ಕೂದು ಅಕ್ಕಿ ಕೇರುವಗ ಎನಗೂ ಕೇರೆಕ್ಕು ಹೇಳಿ ಆನು ಕೂಗುಗು. ಅಜ್ಜಿ ತನ್ನ ದೊಡ್ಡ ತಡ್ಪೆಯ ಎನ್ನ ಕೈಲಿ ಕೊಟ್ಟು ‘ಕಲಿ’ ಹೇಳಿದ್ದವಿಲ್ಲೆ. ಮಕ್ಕೊಗೆ ಹೇಳಿಯೇ ಒಂದು ಸಣ್ಣ ತಡ್ಪೆ ಮಾಡುಸಿ ಮಡಗಿತ್ತಿದ್ದವು. ಅದರಲ್ಲಿ ಕಲ್ತದು ಎನ್ನ ಅಬ್ಬೆ, ಎರಡು ಚಿಕ್ಕಮ್ಮಂದ್ರು, ಮತ್ತೆ ಆನು, ಮತ್ತೆ ಮಾವನ ಮಕ್ಕೊ. ಆರ ಮನೆಲಿದ್ದೋ ಈಗ, ಇಕ್ಕು ಎಲ್ಯಾದರೂ ಅಟ್ಟಲ್ಲಿ. ನಮ್ಮ ತೊಟ್ಟಿಲುದೆ ಹಾಂಗೇ ಅಲ್ಲದೋ, ಒಂದು ಮನೆಲಿ ನಿಂದದು ಗೊಂತಿದ್ದೋ? ಮಕ್ಕಳ ಹಾಯಿ ತೊಟ್ಟಿಲಿನ ಹಾಂಗೆ ಹೇಳಿ ಇವಕ್ಕೆ ಹೇಳಿದೆ. ನವಗೆ ಕೊಡುವವು ಒಬ್ಬ ಇಕ್ಕು, ನಾವು ಕೊಡುವವು ಇನ್ನೊಬ್ಬ ಇಕ್ಕು.

ಹಾಂಗೇ ಆತು. ಬೀಚಿಲಿ ಕೇಳಿಯಪ್ಪಗ, ಮಗ° ಬೆಳದ ಒಂದು ಅಬ್ಬೆ 3ರ ಹಾಯಿ, ಕಂಬ, ಬೂಮು ಒಟ್ಟಿಂಗೆ ಕೊಟ್ಟತ್ತು. ತೆಕ್ಕೊಂಡ ಪೈಸೆಲಿ ಎಂಗೊ ಮೂರು ಜೆನ ಎರಡು ಸರ್ತಿ ಹೋಟ್ಲಿಲಿ ಉಂಬಷ್ಟು. ಕೂಸು ಅದರ ಒಂದು ಕೈಲಿ ನೆಗ್ಗಿತ್ತು. ಸುರುವಾಣ ಎರಡು ವಾರ ಫಾಯಿಲು ಇಲ್ಲದ್ದೆ, ಬರೀ ಹಲಗೆಲಿ ನಿಂಬಲೆ ಕಲ್ತತ್ತು. ಕಳುದ ತಿಂಗಳು ಫಾಯಿಲು ಹಾಕಿತ್ತು. ಇನ್ನೂ ಪೂರ ಏಳ್ತಿಲ್ಲೆ, ಎದ್ದ ಹಾಂಗೆ ಮಾಡಿ ಮತ್ತೆ ಕೂರ್ತು, ಕೋಳಿ ಹಾರಿದ ಹಾಂಗೆ. ಆದರೆ ಆ ಮಾತು ಇನ್ನೊಂದರಿ ಅದರ ಬಾಯಿಲಿ ಬೈಂದಿಲ್ಲೆ. ಎಂತ ಕೇಳ್ತು ಹೇಳಿರೆ, “ಅಮ್ಮಾ, ಗಾಳಿ ಎಷ್ಟಕ್ಕು ಇಂದು?”

ಆ 6.5 ಈಗ ಇವರದ್ದು, ಗಾಳಿ ಕಮ್ಮಿ ಇಪ್ಪ ದಿನ ಕಟ್ಟುತ್ತವು, ಅವರ ಮೈಗೆ ಅದು ಲಾಯಕ ಇದ್ದು. ಹರುದು ಹೋದರೆ ದೊಡ್ಡಮ್ಮಂಗೆ ಕಳುಸುವೆ, ಅಡಕ್ಕೆ ಮುಚ್ಚುಲೆ ಅಕ್ಕು.

ಮೊನ್ನೆ ಶನಿವಾರ ಮೂರು ಗಂಟೆಗೆ ಗಾಳಿ 20 ನಾಟ್ ಹತ್ತಿತ್ತು. ನೀರಿಡೀ ಬೆಳಿ ನೊರೆ. ಆನು ಇದು ಎನ್ನ ದಿನ ಅಲ್ಲ ಹೇಳಿ ಕಾರಿನ ಹಿಂದೆ ಕೂದು ಡಬ್ಬಿ ಬಿಡುಸಿದೆ. ಇವು ಕರೆಲಿ ಎರಡು ಸರ್ತಿ ಅತ್ತಿತ್ತೆ ನೆಡದವು, ಆಪು ನೋಡಿದವು, ಅವರ ಚೀಲ ನೋಡಿದವು. ಮತ್ತೆ ಎನ್ನ ಚೀಲದ ಜಿಪ್ಪು ಎಳದು, ಕೇಳದ್ದೆ, ಎನ್ನ 4.7ರ ತೆಕ್ಕೊಂಡು ಹೋದವು. ಆನು ಎಂತದೂ ಹೇಳಿದ್ದಿಲ್ಲೆ. ಅವಲಕ್ಕಿ ತಿಂದೆ.